ಕೇರಳದಲ್ಲಿದ್ದು ಕನ್ನಡ ಯಾಕೆ ಅಂತ ಕೇಳಿದ್ಯಲ್ಲ

ನಿನ್ನೆ ಫೋನಲ್ಲಿ "ಇರೋದು ಕೇರಳದಲ್ಲಿ, ಹೆಂಗಸರಿಗೆ ಸರ್ಕಾರದ ಕುಟುಂಬಶ್ರೀ ಯೋಜನೆ ಅದು ಇದು ಎಲ್ಲಾ ಇದೆ, ಮಲಯಾಳಂ ಕಲಿತ್ರೆ ಆಯ್ತಲ್ವಾ, ಇನ್ನೇನು ಕಷ್ಟ" ಅಂದೆ. ಆಗ ಹೇಳ್ಲಿಕ್ಕೆ ಆಗ್ಲಿಲ್ಲ, ಈಗ ಬರೀತೇನೆ ಮಾರಾಯ್ತಿ.

ನಾವು ಕೇರಳಕ್ಕೆ ಬಂದವರಲ್ಲ. ನಮ್ಮ ಅಜ್ಜಿ ಹುಟ್ಟುವಾಗ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1956ರಲ್ಲಿ ರಾಜ್ಯ ಬದಲಾಯ್ತು, ಅಜ್ಜಿ ಅದೇ ಅಂಗಳದಲ್ಲಿ ಅಡಿಕೆ ಒಣಗಿಸ್ತಾ ಇದ್ರು. ಮನೇಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಹೋದ್ರೆ ಮಲಯಾಳಂ. ಮಾತಾಡ್ಲಿಕ್ಕೆ ಎಲ್ಲರಿಗೂ ಬರ್ತದೆ, ಮಲಯಾಳಂ ಓದಿ ಬರೀಲಿಕ್ಕೆ ನಮ್ಮ ಪ್ರಾಯದ ಸುಮಾರು ಜನಕ್ಕೆ ಬರುವುದಿಲ್ಲ.

ಕುಟುಂಬಶ್ರೀ ಅಂದ್ರೆ ನನಗೆ ಹೆಮ್ಮೆಯೇ. 1998ರಲ್ಲಿ ಮಲಪ್ಪುರಂನಲ್ಲಿ ಶುರುವಾದದ್ದು, ಈಗ ನಮ್ಮ ಮೂಲೆಯ ಹಳ್ಳಿಯಲ್ಲೂ ನೆರೆಕರೆಯ 10-20 ಹೆಂಗಸರ ಕೂಟ ಉಂಟು. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆ ಜಗಲಿಯಲ್ಲಿ ಸೇರುವುದು, ಉಳಿತಾಯದ ದುಡ್ಡು ಹಾಕುವುದು, ಬೇಕಾದವರಿಗೆ ಸಾಲ. ನಾವು 5 ಜನ ಸೇರಿ ಬೇಸಾಯ ಇಲ್ಲದೆ ಹಡಿಲು ಬಿದ್ದ ಗದ್ದೆಯಲ್ಲಿ ನೇಂದ್ರ ಬಾಳೆ ಮಾಡ್ತೇವೆ.

ಕಷ್ಟ ಇರುವುದು ಕಾಗದದಲ್ಲಿ. ಕೂಟದ ಸೆಕ್ರೆಟರಿ ನಾನು, ಮಿನಿಟ್ಸ್ ಬರೆಯುವುದು ಕನ್ನಡದಲ್ಲಿ. ಬ್ಯಾಂಕ್ ಸಾಲಕ್ಕೆ ಹೋದ್ರೆ ತೆಂಕಿನಿಂದ ವರ್ಗ ಆಗಿ ಬಂದ ಆಫೀಸರಿಗೆ ಅದು ಓದ್ಲಿಕ್ಕೆ ಬರುವುದಿಲ್ಲ, ನಿರ್ಣಯ ಮಲಯಾಳಂ ಮಾಡಿಸಿ ತನ್ನಿ ಅಂತಾರೆ, ಮಾಡಿಸಿದ್ರೆ ಒಬ್ಬರ ಹೆಸರಿನ ಕೊನೆಗೆ ಕನ್ನಡದಲ್ಲಿ ದೀರ್ಘ ಉಂಟು ಮಲಯಾಳಂನಲ್ಲಿ ಇಲ್ಲ, ಆಧಾರಲ್ಲಿ ಒಂದು ರೇಷನ್ ಕಾರ್ಡಲ್ಲಿ ಇನ್ನೊಂದು, ಎರಡು ಹೆಸರೂ ಒಬ್ಬರದ್ದೇ ಅಂತ ಸರ್ಟಿಫಿಕೇಟ್ ತರ್ಲಿಕ್ಕೆ ವಿಲ್ಲೇಜ್ ಆಫೀಸು, ಅಲ್ಲಿಯ ಅರ್ಜಿಯೂ ಮಲಯಾಳಂ. ಹೋದ ವರ್ಷ ಹೀಗೆ ಓಡಾಡಿಯೇ ಮೂರು ತಿಂಗಳು ಹೋಯ್ತು. ನವರಾತ್ರಿ ಆಸುಪಾಸಲ್ಲಿ ಬಾಳೆಯ ಕಂದು (ಮರಿಗಿಡ) ನೆಟ್ರೆ ಓಣಂಗೆ ಗೊನೆ ಸಿಗ್ತದೆ, ನೇಂದ್ರಕ್ಕೆ ರೇಟು ಇರುವುದೇ ಆಗ. ನಮ್ಮ ಸಾಲ ಬಂದದ್ದು ಜನವರಿಯಲ್ಲಿ. ಗೊನೆ ಕಡಿಯುವಾಗ ಓಣಂ ಮುಗಿದು ತಿಂಗಳುಗಳೇ ಆಗಿತ್ತು, ಗೊಬ್ಬರದ ಖರ್ಚು ಕೂಡ ಹುಟ್ಟಲಿಲ್ಲ.

ಸರ್ಕಾರಿ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಕೊಡ್ಲಿಕ್ಕೆ, ಕನ್ನಡದಲ್ಲೇ ಉತ್ತರ ಕೇಳ್ಲಿಕ್ಕೆ 1969ರ ಕೇರಳ ಭಾಷಾ ಕಾಯ್ದೆಯಲ್ಲೇ ನಮಗೆ ಹಕ್ಕು ಕೊಟ್ಟಿದ್ದಾರೆ. ನಾವು ಕೇಳುವುದು ದಾನ ಅಲ್ಲ. ಕೌಂಟರಲ್ಲಿ ಕನ್ನಡ ಓದುವ ಒಬ್ಬರು ಸಾಕು.

ಹಾಗಾದ್ರೆ ಮಿನಿಟ್ಸನ್ನೇ ಮಲಯಾಳಂನಲ್ಲಿ ಬರಿ ಅಂತ ನೀನು ಹೇಳಬಹುದು. ನಮ್ಮ ಕೂಟದಲ್ಲಿ ಮೂರನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದ ಒಬ್ಬರು ಅಕ್ಕ ಇದ್ದಾರೆ, ಪ್ರತಿ ವಾರ ಕನ್ನಡಕ ಹಾಕ್ಕೊಂಡು ಪುಸ್ತಕ ಎಳ್ಕೊಂಡು ಸಾಲಿನ ಮೇಲೆ ಬೆರಳಿಟ್ಟು ಓದ್ತಾರೆ. ಮೊನ್ನೆ "ನಾನು ಕೊಟ್ಟದ್ದು ನೂರೈವತ್ತು, ನೀನು ನೂರು ಬರ್ದಿದ್ದಿ" ಅಂತ ಹಿಡಿದ್ರು. ತಪ್ಪು ನನ್ನದೇ, ತಿದ್ದಿದೆ. ಮಲಯಾಳಂನಲ್ಲಿ ಬರೆದ್ರೆ ಅವರ ದುಡ್ಡಿನ ಲೆಕ್ಕ ಅವರಿಗೇ ಗೊತ್ತಾಗುವುದಿಲ್ಲ. ಅದಕ್ಕೆ ಪುಸ್ತಕ ಕನ್ನಡದಲ್ಲೇ, ಬ್ಯಾಂಕಿನ ಕಾಪಿ ಮಾತ್ರ ಈ ಸಲ ನವರಾತ್ರಿಗೆ ಮೊದಲೇ, ಆಟಿ ತಿಂಗಳಲ್ಲೇ (ಜುಲೈ-ಆಗಸ್ಟ್) ಮಾಡಿಸ್ಲಿಕ್ಕೆ ಕೊಟ್ಟಿದ್ದೇನೆ.