ಹಬ್ ಆಮೇಲೆ, ಮೊದಲು ಬೋರ್ಡ್ ಬಿಚ್ಚಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಸ್ಮಾರ್ಟ್ ಸ್ವಿಚ್‌ಗಳದ್ದೇ, ಅಂದರೆ ಫೋನಿನಿಂದಲೂ ಆನ್ ಆಫ್ ಮಾಡಬಹುದಾದ ಸ್ವಿಚ್‌ಗಳದ್ದೇ ಗಲಾಟೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದವಾಗಿದ್ದನ್ನು ಕತ್ತರಿಸಿ ಕೊಟ್ಟಿದ್ದೇನೆ. ‘ಯಾವ ಕಂಪನಿಯದ್ದು ತಗೊಳ್ಳಲಿ’ ಅಂತ ಒಂದೇ ಸಾಲು ಬರೆದವರು ದಯವಿಟ್ಟು ಮೊದಲ ಉತ್ತರವನ್ನು ಪೂರ್ತಿ ಓದಿ.

ಪ್ರಶ್ನೆ: ಸರ್, ಮನೆಯ 14 ಲೈಟಿಗೂ ಸ್ಮಾರ್ಟ್ ಸ್ವಿಚ್ ಹಾಕಿಸಬೇಕು ಅಂತಿದ್ದೇನೆ. ವೈರಿಂಗ್ ಹಳೆಯದು. ಕೆಲವು ಸ್ವಿಚ್‌ಗಳ ಮೇಲೆ ‘ನ್ಯೂಟ್ರಲ್ ಬೇಕು’ ಅಂತಿದೆ, ಕೆಲವುದರ ಮೇಲೆ ‘ನ್ಯೂಟ್ರಲ್ ಬೇಡ’ ಅಂತಿದೆ. ಬೇಡ ಅನ್ನೋದನ್ನೇ ತಗೊಂಡರೆ ತಲೆನೋವು ಇಲ್ಲ ಅಲ್ವಾ?

ಉತ್ತರ: ಬೋರ್ಡಿನ ತಲೆನೋವು ಬಲ್ಬಿಗೆ ಹತ್ತುತ್ತದೆ, ಅಷ್ಟೆ.

ಸಾದಾ ಸ್ವಿಚ್ಚಿಗೆ ತನ್ನದು ಅಂತ ಕರೆಂಟ್ ಬೇಕಾಗಿಲ್ಲ. ಸ್ಮಾರ್ಟ್ ಸ್ವಿಚ್ಚಿನ ಒಳಗೆ ಒಂದು ಪುಟ್ಟ ರೇಡಿಯೊ ಇರುತ್ತದೆ. ಲೈಟ್ ಆಫ್ ಇದ್ದಾಗಲೂ ಅದು ಎಚ್ಚರವಾಗಿರಬೇಕು, ಇಲ್ಲದಿದ್ದರೆ ನೀವು ಫೋನಿನಿಂದ ‘ಆನ್’ ಅಂದಿದ್ದು ಕೇಳಿಸುವುದು ಯಾರಿಗೆ? ಹಾಗಾಗಿ ಅದಕ್ಕೆ ಕರೆಂಟ್ ತರುವ ಫೇಸ್ ಜೊತೆ, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ಲೂ ಬೇಕು. ಹಳೆಯ ವೈರಿಂಗ್‌ನಲ್ಲಿ ಬೋರ್ಡಿಗೆ ಫೇಸ್ ಮಾತ್ರ ಬಂದು, ಸ್ವಿಚ್ ದಾಟಿ ಬಲ್ಬಿಗೆ ಹೋಗಿರುತ್ತದೆ. ನ್ಯೂಟ್ರಲ್ ಬೋರ್ಡಿಗೆ ಇಳಿಯದೆ ಮೇಲಿಂದಲೇ ನೇರ ಹೋಲ್ಡರ್ ಸೇರಿರುತ್ತದೆ.

‘ನ್ಯೂಟ್ರಲ್ ಬೇಡ’ ಅನ್ನುವ ಸ್ವಿಚ್ ಏನು ಮಾಡುತ್ತದೆ ಅಂದರೆ, ಆಫ್ ಇದ್ದಾಗಲೂ ಬಲ್ಬಿನ ಮೂಲಕವೇ ಒಂಚೂರು ಕರೆಂಟ್ ಎಳೆದುಕೊಂಡು ಜೀವ ಹಿಡಿದಿರುತ್ತದೆ. ಹಿಂದಿನ 60 ವ್ಯಾಟಿನ ಬಲ್ಬಿಗೆ ಇದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗಿನ 5 ವ್ಯಾಟಿನ ಎಲ್‌ಇಡಿಗೆ ಅಷ್ಟು ಕರೆಂಟೂ ಗೊತ್ತಾಗುತ್ತದೆ. ರಾತ್ರಿಯಿಡೀ ಮಿಣಿಮಿಣಿ ಅನ್ನುತ್ತದೆ, ಇಲ್ಲವೇ ಮಂದವಾಗಿ ಉರಿಯುತ್ತಲೇ ಇರುತ್ತದೆ. ಇದಕ್ಕೆ ಮದ್ದಾಗಿ ಬಲ್ಬಿಗೆ ಅಡ್ಡಲಾಗಿ ಹಾಕುವ ಒಂದು ಸಣ್ಣ ಕೆಪಾಸಿಟರ್ ಎಷ್ಟೋ ಸಲ ಪೆಟ್ಟಿಗೆಯಲ್ಲೇ ಬರುತ್ತದೆ. ಅದನ್ನು ಸ್ವಿಚ್ಚಿನ ಹತ್ತಿರ ಅಲ್ಲ, ಬಲ್ಬಿನ ಹತ್ತಿರ ಕೂರಿಸಬೇಕು. ಅಂದರೆ ಏಣಿ ಹತ್ತಬೇಕು.

ಆದ್ದರಿಂದ ಕೊಳ್ಳುವ ಮೊದಲು ಬೋರ್ಡ್ ಬಿಚ್ಚಿಸಿ ನೋಡಿ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು ಆಮೇಲೆ. ಧೈರ್ಯ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ಸುಲಭದ ಗುರುತು ಹೇಳುತ್ತೇನೆ: ಅದೇ ಬೋರ್ಡಿನಲ್ಲಿ ಪ್ಲಗ್ ಹಾಕುವ ಸಾಕೆಟ್ ಇದ್ದರೆ ಅಲ್ಲಿಗೆ ನ್ಯೂಟ್ರಲ್ ಬಂದೇ ಇರುತ್ತದೆ, ಯಾಕೆಂದರೆ ಅದಿಲ್ಲದೆ ಸಾಕೆಟ್ ಕೆಲಸ ಮಾಡುವುದಿಲ್ಲ. ಆದರೆ ಅದು ಆ ಲೈಟಿನ ಸರ್ಕ್ಯೂಟಿನದ್ದೇ ಆಗಿರಬೇಕು. ಬೇರೆ ಸರ್ಕ್ಯೂಟಿನದ್ದನ್ನು ಸೇರಿಸಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಪಟ್ ಅಂತ ಬೀಳುತ್ತದೆ.

ನ್ಯೂಟ್ರಲ್ ಸಿಗಲಿಲ್ಲ ಅಂತ ಅರ್ತ್ ವೈರನ್ನೇ ನ್ಯೂಟ್ರಲ್ ಮಾಡಿ ಕೊಡುವವರೂ ಇದ್ದಾರೆ. ಲೈಟು ಉರಿಯುತ್ತದೆ, ಅವರು ಕೂಲಿ ತಗೊಂಡು ಹೋಗುತ್ತಾರೆ. ಎಲ್ಲೋ ಅರ್ತ್ ಕಡಿದುಹೋದ ದಿನ ಫ್ರಿಜ್ಜಿನ, ವಾಷಿಂಗ್ ಮೆಷೀನಿನ ಮೈಗೆ ಕರೆಂಟ್ ಬರಬಹುದು. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ.

ಮತ್ತೆ, 14 ಲೈಟಿಗೂ ಯಾಕೆ? ಸ್ಟೋರ್ ರೂಮಿನ ಲೈಟಿಗೆ ಫೋನ್ ಬೇಕಾ? ಗೇಟು, ವರಾಂಡ, ಹಾಲು, ಮಲಗುವ ಕೋಣೆ, ಇಷ್ಟರಿಂದ ಶುರು ಮಾಡಿ.

ಪ್ರಶ್ನೆ: ಹಬ್ ಇಲ್ಲದೆ ಬರೀ ವೈಫೈ ಸ್ವಿಚ್ ಸಾಕು ಅಂತ ತಮ್ಮ ಹೇಳುತ್ತಾನೆ. ಹಬ್ ಇಲ್ಲದಿದ್ದರೆ ಆಗೋದೇ ಇಲ್ಲ ಅಂತ ಅಂಗಡಿಯವರು. ಯಾರನ್ನು ನಂಬಲಿ?

ಉತ್ತರ: ನಾಲ್ಕೈದು ಸ್ವಿಚ್ ಆದರೆ ತಮ್ಮನನ್ನು ನಂಬಿ. ಹಬ್ ಅಂದರೆ ಮನೆಯ ಸ್ಮಾರ್ಟ್ ಸಾಧನಗಳ ಜೊತೆ ಮಾತಾಡಿ ಅವನ್ನು ನಡೆಸುವ ಪೆಟ್ಟಿಗೆ.

ವೈಫೈ ಸ್ವಿಚ್ ನೇರವಾಗಿ ನಿಮ್ಮ ರೂಟರಿಗೆ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗೊತ್ತಿಲ್ಲ. ‘ಎಷ್ಟು ಸಲ ಸೇರಿಸಿದರೂ ಆಗ್ತಿಲ್ಲ’ ಅನ್ನುವವರು ಮೊದಲು ಇದನ್ನು ನೋಡಿ. ಸ್ವಿಚ್ಚು, ಪ್ಲಗ್ಗು, ಬಲ್ಬು ಅಂತ ಮೂವತ್ತು ನಲವತ್ತಕ್ಕೆ ಏರಿದಾಗ ಸಾಮಾನ್ಯ ರೂಟರ್ ಏದುಸಿರು ಬಿಡುತ್ತದೆ.

ಜಿಗ್ಬಿ ಅನ್ನುವ, ಕಡಿಮೆ ಕರೆಂಟಿನ ರೇಡಿಯೊ ಪದ್ಧತಿ ಬೇರೆ ಥರ. ಅದಕ್ಕೆ ಹಬ್ ಬೇಕೇ ಬೇಕು, ಆದರೆ ರೂಟರಿನ ಮೇಲೆ ಭಾರ ಬೀಳುವುದಿಲ್ಲ. ಸದಾ ಕರೆಂಟಿನಲ್ಲಿರುವ ಪ್ರತಿ ಜಿಗ್ಬಿ ಸಾಧನವೂ ಪಕ್ಕದ್ದರ ಮಾತನ್ನು ಮುಂದಕ್ಕೆ ದಾಟಿಸುತ್ತದೆ, ಆದ್ದರಿಂದ ಸಾಧನ ಹೆಚ್ಚಿದಷ್ಟೂ ಬಲೆ ಗಟ್ಟಿಯಾಗುತ್ತದೆ. ಬ್ಯಾಟರಿಯಲ್ಲಿ ಓಡುವವು ಈ ಕೆಲಸ ಮಾಡುವುದಿಲ್ಲ. ನ್ಯೂಟ್ರಲ್ ಇಲ್ಲದ ಜಿಗ್ಬಿ ಸ್ವಿಚ್‌ಗಳೂ ಸಾಮಾನ್ಯವಾಗಿ ಮಾಡುವುದಿಲ್ಲ, ಅವಕ್ಕೆ ಸಿಗುವ ಕರೆಂಟ್ ತಮ್ಮ ಹೊಟ್ಟೆಗೇ ಸಾಲದು. ನೋಡಿದ್ರಾ, ಮತ್ತೆ ನ್ಯೂಟ್ರಲ್ಲಿಗೇ ಬಂದೆವು.

ಜೀವೇವ್ (Z-Wave) ಅನ್ನುವ ಇನ್ನೊಂದು ರೇಡಿಯೊ ಪದ್ಧತಿಯೂ ಇಂಥದ್ದೇ ಬಲೆ, ಆದರೆ ಅದರ ಫ್ರೀಕ್ವೆನ್ಸಿ ದೇಶಕ್ಕೊಂದು. ಅಮೆರಿಕದಲ್ಲಿ 908.42 ಮೆಗಾಹರ್ಟ್ಸ್, ಯುರೋಪಿನಲ್ಲಿ 868.42. ಅಲ್ಲಿಂದ ನೆಂಟರು ತಂದುಕೊಟ್ಟ ಸ್ವಿಚ್ಚು ಇಲ್ಲಿನ ಹಬ್ಬಿನ ಜೊತೆ ಮಾತೇ ಆಡದಿರಬಹುದು.

ಈಗ ಎಲ್ಲರ ಬಾಯಲ್ಲಿರುವ ಮ್ಯಾಟರ್. 2022ರ ಅಕ್ಟೋಬರ್‌ನಲ್ಲಿ ಇದರ ಮೊದಲ ಆವೃತ್ತಿ ಬಂತು. ಇದು ರೇಡಿಯೊ ಅಲ್ಲ, ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದೇ ಭಾಷೆ ಆಡಲಿ ಅಂತ ಮಾಡಿಕೊಂಡ ಒಪ್ಪಂದ. ಈ ಭಾಷೆ ವೈಫೈ ಮೇಲೂ ಹೋಗುತ್ತದೆ, ಥ್ರೆಡ್ ಅನ್ನುವ ಬಲೆಯ ಮೇಲೂ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಬರೀ ‘ಮ್ಯಾಟರ್’ ಅಂತಿದ್ದರೆ ಸಾಲದು, ವೈಫೈಯೋ ಥ್ರೆಡ್ಡೋ ನೋಡಿ. ಥ್ರೆಡ್ ಆದರೆ ಆ ಬಲೆಯನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ಬಾರ್ಡರ್ ರೂಟರ್ ಇರಬೇಕು. ಆಪಲ್‌ನ ಹೋಮ್‌ಪಾಡ್ ಮಿನಿ ಸ್ಪೀಕರಿನಲ್ಲಿ ಅದು ಒಳಗೇ ಇದೆ. ಅಮೆಜಾನ್‌ನ ನಾಲ್ಕನೇ ತಲೆಮಾರಿನ ಎಕೋ ಸ್ಪೀಕರಿನಲ್ಲಿ ಜಿಗ್ಬಿ ಹಬ್ ಒಳಗೇ ಇದೆ. ನಿಮಗೇ ಗೊತ್ತಿಲ್ಲದೆ ಮನೆಯಲ್ಲಿ ಆಗಲೇ ಒಂದು ಹಬ್ ಹಾಡು ಹೇಳಿಕೊಂಡು ಕೂತಿರಬಹುದು, ಹೊಸದು ಕೊಳ್ಳುವ ಮೊದಲು ನೋಡಿ.

ಪ್ರಶ್ನೆ: ನಾನು ಸ್ಮಾರ್ಟ್ ಬಲ್ಬ್ ಹಾಕಿದೆ. ಅತ್ತೆಯವರು ಅಭ್ಯಾಸದಂತೆ ಗೋಡೆಯ ಸ್ವಿಚ್ ಆಫ್ ಮಾಡಿ ಮಲಗುತ್ತಾರೆ. ಬೆಳಿಗ್ಗೆ ಬಲ್ಬ್ ‘ಸಿಗುತ್ತಿಲ್ಲ’ ಅನ್ನುತ್ತದೆ ಆ್ಯಪ್. ಅವರಿಗೆ ಹೇಗೆ ಹೇಳಲಿ ಮೇಡಂ?

ಉತ್ತರ: ಹೇಳಬೇಡಿ. ತಪ್ಪು ಅತ್ತೆಯವರದ್ದಲ್ಲ, ಬಲ್ಬಿನದ್ದು. (ಅಂದಹಾಗೆ ನಾನು ಮೇಡಂ ಅಲ್ಲ, ಪರವಾಗಿಲ್ಲ.) ಗೋಡೆಯ ಸ್ವಿಚ್ ಆಫ್ ಮಾಡಿದರೆ ಬಲ್ಬಿನೊಳಗಿನ ರೇಡಿಯೊಗೂ ಕರೆಂಟ್ ಹೋಗುತ್ತದೆ. ಜಿಗ್ಬಿ ಬಲ್ಬಾದರೆ ಅದರ ಮೂಲಕ ಮಾತು ದಾಟಿಸುತ್ತಿದ್ದ ಬೇರೆ ಸಾಧನಗಳೂ ದಾರಿ ತಪ್ಪುತ್ತವೆ.

ಬಣ್ಣ ಬದಲಾಯಿಸುವ ಆಸೆ ಇಲ್ಲದಿದ್ದರೆ ಸಾದಾ ಬಲ್ಬ್ ಹಾಕಿ, ಸ್ವಿಚ್ಚನ್ನು ಸ್ಮಾರ್ಟ್ ಮಾಡಿ. ನನಗೆ ಇಷ್ಟವಾದದ್ದು ಹಳೆಯ ಸ್ವಿಚ್ಚಿನ ಹಿಂದೆ, ಬೋರ್ಡಿನೊಳಗೆ ಕೂರುವ ಪುಟ್ಟ ರಿಲೇ. ಹೊರಗೆ ಅದೇ ಹಳೆಯ ಸ್ವಿಚ್ಚು, ಟಕ್ ಅಂದರೆ ಲೈಟು, ಅತ್ತೆಯವರಿಗೆ ಏನೂ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಫೋನಿನಿಂದಲೂ ನಡೆಯುತ್ತದೆ. ಬೋರ್ಡಿನ ಪೆಟ್ಟಿಗೆ ಸಾಕಷ್ಟು ಆಳವಿದೆಯಾ ಅಂತ ಮಾತ್ರ ಅಳೆದು ನೋಡಿ, ವೈರುಗಳನ್ನು ತುರುಕಿ ಮುಚ್ಚಬೇಡಿ. ಮೆಟ್ಟಿಲ ಕೆಳಗೊಂದು ಮೇಲೊಂದು ಇರುವ ಟೂ ವೇ ಸ್ವಿಚ್ ಆದರೆ, ರಿಲೇ ಟೂ ವೇ ಜೊತೆ ಕೆಲಸ ಮಾಡುತ್ತದೆ ಅಂತ ಬರೆದಿದೆಯಾ ನೋಡಿಯೇ ತಗೊಳ್ಳಿ.

ಪ್ರಶ್ನೆ: ಲೈಟಿನ ಸ್ಮಾರ್ಟ್ ಡಿಮ್ಮರನ್ನೇ ಫ್ಯಾನಿಗೆ ಹಾಕಬಹುದಾ? ಗೀಸರ್‌ಗೆ?

ಉತ್ತರ: ಎರಡಕ್ಕೂ ಬೇಡ. ಫ್ಯಾನ್ ಗುಂಯ್ ಅನ್ನುತ್ತದೆ, ಮೋಟರ್ ಬಿಸಿಯಾಗುತ್ತದೆ. ಫ್ಯಾನಿಗೆ ಅಂತಲೇ ಮಾಡಿದ ಮಾಡ್ಯೂಲ್ ತಗೊಳ್ಳಿ. ವೇಗದ ನಿಯಂತ್ರಣ ಒಳಗೇ ಇರುವ ಬಿಎಲ್‌ಡಿಸಿ ಫ್ಯಾನ್ ಆದರೆ ಅದಕ್ಕೆ ಯಾವ ರೆಗ್ಯುಲೇಟರೂ ಬೇಡ. ಗೀಸರ್‌ಗೆ 16 ಆಂಪಿಯರ್ ಅಂತ ಬರೆದಿರುವ ಸ್ವಿಚ್ಚೇ ಆಗಬೇಕು. ಹಾಂ, ಲೈಟಿಗೆ ಡಿಮ್ಮರ್ ಹಾಕುವಾಗಲೂ ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಡಿಮ್ ಆಗುತ್ತದೆ ಅಂತ ಇರಬೇಕು.

ಪ್ರಶ್ನೆ: ಕಂಪ್ಯೂಟರಿಗೆ ಜಿಗ್ಬಿ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ) ಚುಚ್ಚಿ, ಕಂಪ್ಯೂಟರನ್ನೇ ಹಬ್ ಮಾಡುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಓಡಿಸುತ್ತಿದ್ದೇನೆ. ಪಕ್ಕದ ರೂಮಿನ ಸ್ವಿಚ್ಚೇ ಆಗಾಗ ಮಾಯ. ಡಾಂಗಲ್ ಕೆಟ್ಟಿದೆಯಾ?

ಉತ್ತರ: ಇದೇ ಕಾಟದಲ್ಲಿ ನಾನು ಎರಡು ವಾರ ಒದ್ದಾಡಿದ್ದೇನೆ. ಸ್ವಿಚ್ ಬದಲಾಯಿಸಿದೆ, ಡಾಂಗಲ್ ಬದಲಾಯಿಸಿದೆ, ಮಾರಿದವರಿಗೆ ಖಾರವಾಗಿ ಒಂದು ಪತ್ರವನ್ನೂ ಬರೆದೆ. ಕೊನೆಗೆ ನೋಡಿದರೆ ಡಾಂಗಲ್ ಚುಚ್ಚಿದ್ದು ಹಾರ್ಡ್ ಡಿಸ್ಕ್ ಇದ್ದ ಯುಎಸ್‌ಬಿ 3.0 ಪೋರ್ಟಿನ ಪಕ್ಕದಲ್ಲೇ. ಯುಎಸ್‌ಬಿ 3.0 ಕೆಲಸ ಮಾಡುವಾಗ ಸರಿಯಾಗಿ 2.4 ಗಿಗಾಹರ್ಟ್ಸ್ ಸುತ್ತಲೇ ಗದ್ದಲ ಎಬ್ಬಿಸುತ್ತದೆ, ಜಿಗ್ಬಿ ಮಾತಾಡುವುದೂ ಅಲ್ಲೇ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ, ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿ, ಡಾಂಗಲನ್ನು ದೂರ ಇಟ್ಟೆ. ಅವತ್ತಿನಿಂದ ಒಂದೂ ಮಾಯವಾಗಿಲ್ಲ. ಆ ಪತ್ರಕ್ಕೆ ಕ್ಷಮೆ ಕೇಳಿ ಇನ್ನೊಂದು ಬರೆಯಬೇಕಾಯಿತು, ಅದು ಬೇರೆ ಮಾತು.

ಅದಾದ ಮೇಲೂ ತೊಂದರೆ ಇದ್ದರೆ ಚಾನೆಲ್ ನೋಡಿ. ವೈಫೈ 1ನೇ ಚಾನೆಲ್‌ನಲ್ಲಿದ್ದರೆ ಜಿಗ್ಬಿಯನ್ನು 20 ಅಥವಾ 25ರಲ್ಲಿಡಿ, ಒಂದರ ಮೇಲೊಂದು ಬೀಳುವುದಿಲ್ಲ. ಚಾನೆಲ್ ಬದಲಿಸಿದರೆ ಕೆಲವು ಸಾಧನಗಳನ್ನು ಮತ್ತೆ ಜೋಡಿಸಬೇಕಾಗಬಹುದು, ಆದ್ದರಿಂದ ಎಲ್ಲವನ್ನೂ ಗೋಡೆಗೆ ಕೂರಿಸುವ ಮೊದಲೇ ಇದನ್ನು ಮಾಡಿ.

ಪ್ರಶ್ನೆ: ಹಬ್ ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೆ?

ಉತ್ತರ: ಆಗಿದೆ. 2016ರಲ್ಲಿ ರಿವಾಲ್ವ್ ಅನ್ನುವ ಹಬ್ಬಿನ ಸೇವೆ ನಿಲ್ಲಿಸಿದರು, ಕೊಂಡವರ ಹತ್ತಿರ ಉಳಿದದ್ದು ಬರೀ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಒಂದು ಮಾತೂ ಹೇಳದೆ ನಿಂತುಹೋದವು. ಆಮೇಲೆ ಹಳೆಯ ಬಳಕೆದಾರರ ಗುಂಪೇ ಅದನ್ನು ಕೊಂಡು ಮತ್ತೆ ಎಬ್ಬಿಸಿತು, ಆದರೆ ಎಲ್ಲ ಕಂಪನಿಗೂ ಅಂಥ ಪುಣ್ಯ ಇರುವುದಿಲ್ಲ.

ಅದಕ್ಕೇ ನಾನು ಕೊಂಡ ದಿನವೇ ಒಂದು ಪರೀಕ್ಷೆ ಮಾಡುತ್ತೇನೆ. ರೂಟರಿಗೆ ಬರುವ ಇಂಟರ್ನೆಟ್ ಕೇಬಲ್ ಕಿತ್ತು, ಆ್ಯಪ್‌ನಿಂದ ಲೈಟ್ ಹಾಕಿ ನೋಡುತ್ತೇನೆ. ಆಮೇಲೆ ಹಬ್ಬನ್ನೂ ಆಫ್ ಮಾಡಿ ಗೋಡೆಯ ಸ್ವಿಚ್ ಒತ್ತುತ್ತೇನೆ. ಮೊದಲನೆಯದು ಆಗದಿದ್ದರೆ ಎಲ್ಲವೂ ದೂರದ ಯಾವುದೋ ಸರ್ವರ್ ಕೃಪೆಯಲ್ಲಿದೆ ಅಂತ ಅರ್ಥ, ಯೋಚನೆ ಮಾಡಿ. ಎರಡನೆಯದು ಆಗದಿದ್ದರೆ ಯೋಚನೆಯೂ ಬೇಡ, ವಾಪಸ್ ಕೊಡಿ. ಎಲ್ಲವನ್ನೂ ಮನೆಯೊಳಗೇ ನಡೆಸಬೇಕು ಅನ್ನುವವರಿಗೆ ಹೋಮ್ ಅಸಿಸ್ಟೆಂಟ್ ಇದೆ. 2013ರಿಂದ ಇರುವ ಮುಕ್ತ ತಂತ್ರಾಂಶ, ಪುಟ್ಟ ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಕಲಿಯಲು ಒಂದೆರಡು ಭಾನುವಾರ ಹೋಗುತ್ತವೆ.

ಪ್ರಶ್ನೆ: ಕರೆಂಟ್ ಹೋಗಿ ಬಂದರೆ ನಡುರಾತ್ರಿ ಮನೆಯ ಎಲ್ಲ ಲೈಟೂ ಒಟ್ಟಿಗೆ ಹತ್ತಿಕೊಳ್ಳುತ್ತವೆ! ಮಗು ಎದ್ದು ಅಳುತ್ತದೆ.

ಉತ್ತರ: ಆ್ಯಪ್‌ನಲ್ಲಿ ಪ್ರತಿ ಸ್ವಿಚ್ಚಿನ ಸೆಟ್ಟಿಂಗ್ ಒಳಗೆ ‘ಪವರ್ ಆನ್ ಬಿಹೇವಿಯರ್’ ಅಂತ ಹುಡುಕಿ. ಅದು ‘ಆನ್’ ಇರುತ್ತದೆ, ‘ಹಿಂದಿನ ಸ್ಥಿತಿ’ಗೆ ಬದಲಾಯಿಸಿ. ಮಗುವಿನ ಕೋಣೆಯದ್ದನ್ನು ಮಾತ್ರ ‘ಆಫ್’ಗೆ ಇಡಿ.