ಹೋದದ್ದು ಒಂದು ಸಂಜೆ, ಬದುಕಿದ್ದು 21 ವರ್ಷ

ನಾನು ಆಪ್ತಸಮಾಲೋಚಕಿ. ಮಂಡ್ಯ ಕಡೆಯ ಸಣ್ಣ ಊರಿನ ಗಂಡ ಹೆಂಡತಿ ನನ್ನ ಹತ್ತಿರ ಬಂದಾಗ ಅವರ ಮಗ ತೀರಿಕೊಂಡು ಒಂದು ವರ್ಷ ದಾಟಿತ್ತು. ವರ್ಷದ ತಿಥಿಯೂ ಮುಗಿದಿತ್ತು. ಗುರುತು ಸಿಗಬಾರದೆಂದು ಊರು, ಕೆಲಸ, ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಹುಡುಗನಿಗೆ 21 ವರ್ಷ. ಡಿಗ್ರಿ ಕೊನೇ ವರ್ಷದಲ್ಲಿದ್ದ. ಕಬಡ್ಡಿ ಎಂದರೆ ಪ್ರಾಣ. ಒಂದು ಸಂಜೆ ಆಡುತ್ತಾ ಆಡುತ್ತಾ ಅಂಕಣದಲ್ಲೇ ಕುಸಿದುಬಿದ್ದ. ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು. ಹೃದಯದ ಸ್ನಾಯು ದಪ್ಪಗಾಗಿತ್ತು ಎಂದು ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು. ವೈದ್ಯರು ಇದನ್ನು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಗಟ್ಟಿಮುಟ್ಟಾದ ಹುಡುಗರಲ್ಲೂ ಇದು ಇರಬಹುದು. ಎಷ್ಟೋ ಜನರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ.

ತಾಯಿ ಪ್ರಾಥಮಿಕ ಶಾಲೆಯ ಟೀಚರ್. ಅವರು ಹೇಳಿದ ಮೊದಲ ಮಾತು ಇದು: "ಅವನನ್ನ ನೆನೆಸಿಕೊಂಡ್ರೆ ಸ್ಟ್ರೆಚರ್ ಮೇಲಿನ ಮುಖಾನೇ ಬರುತ್ತೆ ಮೇಡಂ. ನಗ್ತಿದ್ದ ಮುಖ ಎಲ್ಲಿ ಹೋಯ್ತೋ ಗೊತ್ತಿಲ್ಲ." ರಾತ್ರಿ ಎಲ್ಲರೂ ಮಲಗಿದ ಮೇಲೆ ಅವರು ಮಗನ ವಾಟ್ಸಾಪ್ ಧ್ವನಿ ಸಂದೇಶ ಕೇಳುತ್ತಿದ್ದರು. "ಅಮ್ಮಾ, ಲೇಟಾಗುತ್ತೆ, ಊಟ ಮುಚ್ಚಿಟ್ಟಿರು." ಅಷ್ಟೇ. ಅದನ್ನೇ ಮತ್ತೆ ಮತ್ತೆ. ಅವನ ಫೋನಿಗೆ ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದರು.

ತಂದೆಗೆ ಗೊಬ್ಬರದ ಅಂಗಡಿ. ಅವರ ದಾರಿಯೇ ಬೇರೆ. ಮಗನ ಕೋಣೆಗೆ ಬೀಗ ಹಾಕಿದ್ದರು. ಫೋಟೋಗಳೆಲ್ಲ ಬೀರು ಸೇರಿದ್ದವು. ಗಂಧದ ಹಾರ ಹಾಕಿದ ಒಂದೇ ಒಂದು ಫೋಟೋ ಗೋಡೆಯ ಮೇಲಿತ್ತು. ಮಗನ ನಂಬರ್ ನಿಲ್ಲಿಸು ಎಂದು ಹೆಂಡತಿಗೆ ಹೇಳುತ್ತಿದ್ದರು. "ನೋಡಿದಷ್ಟೂ ನೋವು ಜಾಸ್ತಿ. ಮರೀಬೇಕಲ್ವಾ?" ಎಂದು ನನ್ನನ್ನೇ ಕೇಳಿದರು. ಮನೆಗೆ ಬಂದ ನೆಂಟರೂ ಮಳೆ, ಬೆಲ್ಲದ ರೇಟು, ರಾಜಕೀಯ ಎಲ್ಲ ಮಾತಾಡುತ್ತಿದ್ದರು, ಹುಡುಗನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಅವರ ಮನಸ್ಸು ಕೆಟ್ಟದ್ದಲ್ಲ. ಎಲ್ಲಿ ಅಳಿಸಿಬಿಡುತ್ತೇವೋ ಎಂಬ ಭಯ. ಆದರೆ ತಾಯಿಗೆ ಅನ್ನಿಸಿದ್ದು, ಮಗ ಹುಟ್ಟೇ ಇರಲಿಲ್ಲವೇನೋ ಎಂಬಂತೆ ಊರೆಲ್ಲ ಸೇರಿ ಅವನನ್ನು ಅಳಿಸಿಹಾಕುತ್ತಿದೆ ಎಂದು.

ನಾನು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ನೇರವಾಗಿ ಕೇಳಿದೆ, ಸಾಯಬೇಕು ಅನ್ನಿಸುತ್ತದೆಯೇ ಎಂದು. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಬಾಯಿ ಬಿಡಲು ಒಂದು ದಾರಿ ಸಿಗುತ್ತದೆ. ತಾಯಿ, "ಅವನ ಹತ್ರ ಹೋಗಿಬಿಡೋಣ ಅಂತ ಮೊದಮೊದಲು ಅನ್ನಿಸ್ತಿತ್ತು, ಮಗಳ ಮುಖ ನೋಡಿ ಸುಮ್ಮನಾದೆ" ಎಂದರು. ಈಗ ಅಂಥ ಯೋಚನೆ ಇರಲಿಲ್ಲ. ಆದರೂ ರಾತ್ರಿ ಯಾವಾಗ ಬೇಕಾದರೂ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ತಂದೆಗೆ ನಿದ್ದೆಯೇ ಇರಲಿಲ್ಲ, ತೂಕ ಇಳಿದಿತ್ತು. ಅವರನ್ನು ಮನೋವೈದ್ಯರ ಹತ್ತಿರ ಕಳಿಸಿದೆ. ದುಃಖ ಕಾಯಿಲೆಯಲ್ಲ. ಆದರೆ ತಿಂಗಳುಗಟ್ಟಲೆ ದಿನದ ಬದುಕೇ ನಿಂತುಹೋಗುವಂತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘ ಶೋಕಕ್ಕೆ ಪ್ರತ್ಯೇಕ ಜಾಗವೇ ಇದೆ.

ಆಮೇಲೆ ಹೊರಬಂದದ್ದು ತಾಯಿಯ ಎದೆಯಲ್ಲಿ ಕೂತಿದ್ದ ಮಾತು. ಸಾಯುವ ಕೆಲವು ತಿಂಗಳ ಮುಂಚೆ ಮಗ, "ಆಡುವಾಗ ಕಣ್ಣು ಕತ್ತಲೆ ಬಂತಮ್ಮಾ" ಎಂದಿದ್ದನಂತೆ. "ತಿಂಡಿ ತಿನ್ನದೆ ಹೋದ್ರೆ ಇನ್ನೇನಾಗುತ್ತೆ" ಎಂದು ಇವರು ಗದರಿದ್ದರು. "ನಾನೇ ಕೊಂದೆ" ಎಂದು ಅತ್ತರು. ನಿಮ್ಮ ತಪ್ಪಲ್ಲ ಬಿಡಿ ಎಂದು ನಾನು ತಕ್ಷಣ ಹೇಳಲಿಲ್ಲ. ಆ ಮಾತನ್ನು ಅವರು ಎಷ್ಟೋ ಜನರಿಂದ ಕೇಳಿದ್ದರು, ಒಂದೂ ಒಳಗೆ ಇಳಿದಿರಲಿಲ್ಲ. ಅದರ ಬದಲು ಆ ಬೆಳಿಗ್ಗೆಯನ್ನು ಪೂರ್ತಿ ಹೇಳಿಸಿದೆ. ಅವತ್ತು ನಿಮಗೆ ಏನು ಗೊತ್ತಿತ್ತು? ಮಗ ಹೇಗಿದ್ದ? ಹಾಗೆ ಹೇಳಿದ ಮೇಲೆ ಏನು ಮಾಡಿದಿರಿ? ಉಪ್ಪಿಟ್ಟು ಮಾಡಿ, ಎದುರು ಕೂತು ತಿನ್ನಿಸಿ ಕಳಿಸಿದ್ದರು. ಅವತ್ತಿನ ತಿಳಿವಳಿಕೆಯಲ್ಲಿ ಒಬ್ಬ ತಾಯಿ ಮಾಡುವುದು ಅದನ್ನೇ. ಇವತ್ತು ಗೊತ್ತಿರುವ ವರದಿಯನ್ನು ಅವತ್ತಿನ ತಾಯಿಯ ಕೈಗೆ ಕೊಟ್ಟು ವಿಚಾರಣೆ ಮಾಡುವುದು ನ್ಯಾಯವಲ್ಲ.

ಇಲ್ಲೇ ಒಂದು ಮಾತು ಎಲ್ಲರಿಗೂ ಹೇಳಬೇಕು. ಆಡುವಾಗ, ಓಡುವಾಗ ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಮನೆತನದಲ್ಲಿ ಚಿಕ್ಕವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಇಸಿಜಿ ಮತ್ತು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಈ ಕಾಯಿಲೆ ಬಹಳ ಸಲ ವಂಶದಲ್ಲಿ ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಆ ಜೀನ್ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇವರ ಮಗಳು ಎರಡನೇ ಪಿಯುಸಿ. ಅವಳಿಗೆ ಯಾವ ಪರೀಕ್ಷೆಯೂ ಆಗಿರಲಿಲ್ಲ. ಆ ವಿಷಯ ಎತ್ತಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಮೊದಲು ಈ ಕೆಲಸ ಮಾಡಿ ಎಂದು ಪಟ್ಟು ಹಿಡಿದೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮೂವರೂ ಹೋಗಿ ತೋರಿಸಿಕೊಂಡರು. ಸದ್ಯ ಏನೂ ಕಂಡಿಲ್ಲ, ಆದರೆ ಮಗಳಿಗೆ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು.

ಇನ್ನು ಮರೆಯುವ ಪ್ರಶ್ನೆ. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1917ರಲ್ಲಿ ಬರೆದಿದ್ದರು. 1920ರಲ್ಲಿ ಅವರ ಮಗಳು ಸೋಫಿ ಜ್ವರದಲ್ಲಿ ತೀರಿಕೊಂಡಳು. ಮಗನನ್ನು ಕಳೆದುಕೊಂಡ ಗೆಳೆಯರೊಬ್ಬರಿಗೆ 1929ರಲ್ಲಿ ಬರೆದ ಕಾಗದದಲ್ಲಿ, ಆ ಜಾಗ ತುಂಬುವುದಿಲ್ಲ, ತುಂಬಿದರೂ ಅದು ಬೇರೆಯೇ ಆಗಿರುತ್ತದೆ ಎಂಬ ಅರ್ಥದ ಮಾತು ಬರೆದರು. 1990ರ ದಶಕದಿಂದ ಶೋಕದ ಬಗ್ಗೆ ಕೆಲಸ ಮಾಡುವವರೂ ನಂಟು ಕಡಿಯುವ ಮಾತು ಬಿಟ್ಟು, ನಂಟು ಉಳಿಸಿಕೊಳ್ಳುವ ಮಾತು ಆಡತೊಡಗಿದರು. ನಮ್ಮ ಊರುಗಳಲ್ಲಿ ಎಡೆ ಇಡುವ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಗಂಡ ಹೆಂಡತಿ ಒಬ್ಬರಿಗೊಬ್ಬರು ಅರ್ಥವಾಗದೆ ಹೋಗಿದ್ದರು. ಇವರಿಗೆ ಮಗನ ಮೇಲೆ ಪ್ರೀತಿಯೇ ಇರಲಿಲ್ಲ ಎಂದು ಹೆಂಡತಿ, ಇವಳಿಗೆ ಹುಚ್ಚು ಹಿಡಿಯುತ್ತದೆ ಎಂದು ಗಂಡ. ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಶೂಟ್ 1999ರಲ್ಲಿ ಹೇಳಿದ್ದು ಇಲ್ಲಿ ನನ್ನ ಸಹಾಯಕ್ಕೆ ಬಂತು. ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆ, ಒಮ್ಮೆ ಬದುಕಿನ ಕೆಲಸದ ಕಡೆ ತೂಗಾಡುತ್ತಾರೆ, ಎರಡೂ ಬೇಕು. ಇವರ ಮನೆಯಲ್ಲಿ ಒಂದೊಂದು ಕಡೆಗೆ ಒಬ್ಬೊಬ್ಬರು ನಿಂತುಬಿಟ್ಟಿದ್ದರು. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಕೆಲಸ ಕೊಟ್ಟೆ. ಧ್ವನಿ ಸಂದೇಶ ರಾತ್ರಿ ಒಬ್ಬರೇ ಕೇಳುವುದು ಬೇಡ, ಸಂಜೆ ದೀಪ ಹಚ್ಚಿದ ಮೇಲೆ ಮಗಳ ಜೊತೆ ಕೂತು ಕೇಳಿ, ಆಮೇಲೆ ಎದ್ದು ಅಡುಗೆಗೆ ಹೋಗಿ ಎಂದು ತಾಯಿಗೆ ಹೇಳಿದೆ. ಅಂಗಡಿಗೆ ಬಂದವರ ಮುಂದೆ ದಿನಕ್ಕೊಮ್ಮೆಯಾದರೂ ಮಗನ ಹೆಸರು ಹೇಳಿ ಎಂದು ತಂದೆಗೆ ಹೇಳಿದೆ. "ಎಷ್ಟು ಮಕ್ಕಳು?" ಎಂದು ಯಾರಾದರೂ ಕೇಳಿದಾಗ ಅವರು "ಒಬ್ಬಳೇ ಮಗಳು" ಎಂದುಬಿಡುತ್ತಿದ್ದರು, ಮನೆಗೆ ಬಂದು ರಾತ್ರಿಯೆಲ್ಲ ಸಂಕಟಪಡುತ್ತಿದ್ದರು. "ಇಬ್ಬರು. ಮಗ ತೀರಿಕೊಂಡ" ಎನ್ನಿ, ಮುಂದಿನದು ಕೇಳಿದವರಿಗೆ ಬಿಡಿ ಎಂದೆ.

ಫೋನಿನ ವಿಷಯದಲ್ಲಿ ನನ್ನ ಸಲಹೆ ಬರೀ ವ್ಯವಹಾರದ್ದು. ರೀಚಾರ್ಜ್ ನಿಂತರೆ ಕೆಲವು ತಿಂಗಳಲ್ಲಿ ನಂಬರ್ ಬೇರೆಯವರ ಪಾಲಾಗಬಹುದು. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಕಂಪನಿ ಅಳಿಸಿಹಾಕಬಹುದು, ಅದರೊಳಗಿನ ಫೋಟೋ ಸಮೇತ. ಹಾಗಾಗಿ ನಂಬರ್ ಇರಬೇಕೋ ಬೇಡವೋ ಎಂಬ ಜಗಳ ಆಮೇಲೆ. ಮೊದಲು ಧ್ವನಿ, ಫೋಟೋ, ವಿಡಿಯೋ ಎಲ್ಲ ಎರಡು ಮೂರು ಕಡೆ ನಕಲು ಮಾಡಿಟ್ಟುಕೊಳ್ಳಿ. ಮಗಳು ಒಂದು ಭಾನುವಾರ ಕೂತು ಮಾಡಿದಳು.

ಸ್ಟ್ರೆಚರ್ ಮೇಲಿನ ಮುಖ ಓಡಿಸಿದರೆ ಹೋಗುವುದಿಲ್ಲ. ಬೇರೆ ಮುಖಗಳನ್ನು ಕರೆಯಬೇಕು. ಒಂದು ದಪ್ಪ ನೋಟ್‌ಬುಕ್ ತರಿಸಿದೆ. ಅವನ ಗೆಳೆಯರು, ಕಬಡ್ಡಿ ಕೋಚ್, ಹಾಸ್ಟೆಲ್ ಅಡುಗೆಯವರು, ಸೋದರಮಾವ, ಯಾರು ಸಿಗುತ್ತಾರೋ ಅವರನ್ನೆಲ್ಲ ಕೇಳಿ ಬರೆಸಿ ಎಂದೆ. ಬರೆಯಲು ಬಾರದವರು ಹೇಳಿದ್ದನ್ನು ಮಗಳು ಬರೆದುಕೊಳ್ಳಲಿ. ಷರತ್ತು ಒಂದೇ: ಬರೀ ಒಳ್ಳೆಯದು ಬೇಡ. ಹಾರ ಹಾಕಿದ ಫೋಟೋದಲ್ಲಿ ಆಗಲೇ ಒಬ್ಬ ದೇವರಂಥ ಹುಡುಗ ಇದ್ದಾನೆ, ಮನೆಗೆ ಬೇಕಾಗಿರುವುದು ನಿಜವಾದ ಹುಡುಗ.

ಪುಸ್ತಕ ತುಂಬಿತು. ಎರಡು ಪೇಪರ್ ಬಾಕಿ ಇಟ್ಟುಕೊಂಡು ಮನೆಯಲ್ಲಿ ಮುಚ್ಚಿಟ್ಟಿದ್ದ. ಗೆಳೆಯನ ಅಕ್ಕನ ಮದುವೆಯಲ್ಲಿ ಮೂರು ಪಂಕ್ತಿ ಬಡಿಸಿ ಕೊನೆಗೆ ಮುದ್ದೆ ಮುಗಿದುಹೋಗಿ ಬಾಳೆಹಣ್ಣು ತಿಂದು ಮಲಗಿದ್ದ. ರೈಡಿಂಗ್‌ಗೆ ಹೋದರೆ ಎದುರಾಳಿಯನ್ನು ನಗಿಸಿಯೇ ಔಟ್ ಮಾಡುತ್ತಿದ್ದ. ಒಬ್ಬ ಗೆಳೆಯನ ಐನೂರು ರೂಪಾಯಿ ಸಾಲ ಹಾಗೇ ಉಳಿದಿತ್ತು, ತಂದೆ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ. ಬಾಕಿ ಪೇಪರ್ ವಿಷಯ ಓದಿ ತಾಯಿಗೆ ಸಿಟ್ಟು ಬಂತು, "ಕಳ್ಳ ನನ್ಮಗ" ಎಂದು ಬೈದರು, ಬೈಯುತ್ತಲೇ ನಕ್ಕರು. ಸತ್ತ ಮಗನ ಮೇಲೆ ಸಿಟ್ಟು ಮಾಡಿಕೊಳ್ಳಲು ಸಾಧ್ಯವಾದದ್ದು ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ. ಅವನು ಮತ್ತೆ ಮನೆಯ ಮಗನಾಗಿದ್ದ.

ಮಹಾಲಯ ಅಮಾವಾಸ್ಯೆ ಬಂದಾಗ ಮನೆಯಲ್ಲಿ ಮಾತು ಬಿಗಿಯಾಯಿತು. ಹಿರಿಯರಿಗೆ ಎಡೆ ಇಡುವಾಗ, ಮದುವೆಯೂ ಆಗದ ಹುಡುಗನಿಗೆ ಇಡಬಹುದೇ ಎಂದು ಕೆಲವರು ಅನುಮಾನಪಟ್ಟರು. ಶಾಸ್ತ್ರ ಹೇಳುವುದು ನನ್ನ ಕೆಲಸವಲ್ಲ. ನಿಮ್ಮ ಮನೆಯ ದೊಡ್ಡವರನ್ನು ಕೇಳಿ ಎಂದೆ. ಹುಡುಗನ ಅಜ್ಜ, "ನನಗಿಂತ ಮುಂಚೆ ಹೋದವನು ನನಗೂ ಹಿರಿಯನೇ, ಇಡಿ" ಎಂದರಂತೆ. ಹೊಸ ಪಂಚೆ, ಸೀರೆಗಳ ಪಕ್ಕದಲ್ಲಿ ತಂದೆಯೇ ಬೀಗ ತೆಗೆದು ತಂದ ಕಬಡ್ಡಿ ಜೆರ್ಸಿ ಇಟ್ಟರು. ನಾಟಿಕೋಳಿ ಸಾರಿನ ಜೊತೆ ಉಪ್ಪಿಟ್ಟನ್ನೂ ಬಡಿಸಿದ್ದು ತಾಯಿಯ ನಿರ್ಧಾರ.

ಈ ನಡುವೆ ಮಗಳು ಒಬ್ಬಳೇ ಬಂದು ಹೇಳಿದ್ದನ್ನು ಅಪ್ಪ ಅಮ್ಮನಿಗೆ ಅವಳ ಒಪ್ಪಿಗೆ ಪಡೆದೇ ತಿಳಿಸಿದೆ. "ಅಣ್ಣ ಹೋದ ಮೇಲೆ ನನ್ನ ಹುಟ್ಟುಹಬ್ಬನೂ ನಿಂತುಹೋಯ್ತು. ನಾನು ಚೆನ್ನಾಗಿ ಓದಿದ್ರೆ ಅಣ್ಣನ ಬದಲು ಓದ್ತಿದೀನಿ ಅಂತಾರೆ." ಬದುಕಿರುವ ಮಗು ತೀರಿಕೊಂಡವರ ಜಾಗ ತುಂಬಬೇಕಾಗಿಲ್ಲ. ಅವಳ ಅಂಕಗಳು ಅವಳವು. ಇದನ್ನು ತಂದೆಗೆ ಹೇಳಿದಾಗ ಅವರು ಬಹಳ ಹೊತ್ತು ಅತ್ತರು. ಮಗ ಹೋದ ಮೇಲೆ ಹೆಂಡತಿಯ ಎದುರು ಅವರು ಅತ್ತದ್ದು ಅದೇ ಮೊದಲು.

ನಂಬರ್ ಇನ್ನೂ ಚಾಲ್ತಿಯಲ್ಲಿದೆ, ಆ ಬಗ್ಗೆ ಇಬ್ಬರಿಗೂ ಒಮ್ಮತವಿಲ್ಲ. ಅವಸರವೂ ಇಲ್ಲ. ಸ್ಟ್ರೆಚರ್ ಮೇಲಿನ ಮುಖ ಈಗಲೂ ಬರುತ್ತದೆ, ಆದರೆ ಅದೊಂದೇ ಬರುವುದಿಲ್ಲ ಎನ್ನುತ್ತಾರೆ ತಾಯಿ. ತಂದೆ ನಿದ್ದೆಯ ಮಾತ್ರೆ ಕಡಿಮೆ ಮಾಡುತ್ತಿದ್ದಾರೆ, ವೈದ್ಯರನ್ನು ಕೇಳಿಯೇ. ಮಗಳಿಗೆ ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅವಳನ್ನು ಹಾಸ್ಟೆಲ್‌ಗೆ ಕಳಿಸಲು ಅಮ್ಮನಿಗೆ ಆಗುತ್ತಿರುವ ಭಯದ ಬಗ್ಗೆ ಈಗ ಮಾತಾಡುತ್ತಿದ್ದೇವೆ.