ಎಲುಬಿಗೆ ಬೇಕಾದ ವಾರಗಳನ್ನು ಎಲುಬಿಗೇ ಕೊಡಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯವರು. ನನ್ನ ತಮ್ಮನಿಗೆ 19 ವರ್ಷ. ಅಗ್ನಿವೀರನಾಗಿ ಆಯ್ಕೆಯಾಗಿ ತರಬೇತಿಗೆ ಹೋಗಿ ಎರಡೂವರೆ ತಿಂಗಳಾಯಿತು. ಆರನೆಯ ವಾರದಲ್ಲಿ ಅವನ ಬಲಗಾಲಿನ ಕಣಕಾಲಲ್ಲಿ ನೋವು ಶುರುವಾಯಿತು. ಮೊದಲು ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಎಂಆರ್‌ಐ ಮಾಡಿಸಿ 'ಸ್ಟ್ರೆಸ್ ಫ್ರಾಕ್ಚರ್' ಎಂದು ಹೇಳಿ ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ. ಆರರಿಂದ ಎಂಟು ವಾರ ವಿಶ್ರಾಂತಿ, ಅನಂತರ ಅವನ ಹಿಂದೆ ಬರುವ ಮುಂದಿನ ಬ್ಯಾಚಿನ ಜೊತೆ ತರಬೇತಿ ಮುಂದುವರಿಯುತ್ತದೆ ಎನ್ನುತ್ತಾರೆ. ಅವನು ಹೋಗುವಾಗ ಊರಿನವರು ಹಾರ ಹಾಕಿ, ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿ ಕಳಿಸಿದ್ದರು. ಈಗ ಭಾನುವಾರ ಫೋನ್ ಮಾಡಿದರೆ "ಅಕ್ಕಾ, ಊರಿಗೆ ಹೆಂಗ ಮುಖಾ ತೋರಿಸ್ಲಿ" ಎಂದು ಅಳುತ್ತಾನೆ. ಅಪ್ಪ ಮಾತೇ ಆಡುವುದಿಲ್ಲ. ಸೋದರಮಾವ ಅವನನ್ನು ಊರಿಗೆ ಕರೆತಂದು ನಾಟಿ ವೈದ್ಯರ ಹತ್ತಿರ ಕಟ್ಟು ಕಟ್ಟಿಸೋಣ ಎನ್ನುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ತಂಗಿ, ನಾನು ಸೇನಾ ಆಸ್ಪತ್ರೆಗಳ ವಾರ್ಡುಗಳಲ್ಲಿ ಶುಶ್ರೂಷಾ ಸಹಾಯಕನಾಗಿ ಇಪ್ಪತ್ತು ವರ್ಷ ಕೆಲಸ ಮಾಡಿ ಈಗ ಬಳ್ಳಾರಿಯಲ್ಲಿ ನೆಲೆಸಿದವನು. ನಿಮ್ಮ ತಮ್ಮನಂಥ ಹುಡುಗರನ್ನು ಎಷ್ಟು ಜನರನ್ನು ನೋಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಮೊದಲು ಅವನ ಕಾಲಿನಲ್ಲಿ ನಡೆಯುತ್ತಿರುವುದೇನು ಎಂಬುದನ್ನು ಹೇಳುತ್ತೇನೆ. ಅದು ಮನೆಯವರಿಗೆ ಅರ್ಥವಾದರೆ ಉಳಿದದ್ದರಲ್ಲಿ ಅರ್ಧ ತಾನೇ ಸರಿಹೋಗುತ್ತದೆ.

ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ನೀವು ನೋಡಿದ್ದೀರಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲಿನ ಸತ್ತ ಮಣ್ಣನ್ನು ಕೆರೆದು ತೆಗೆದು, ಹೊಸ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡುತ್ತಾರೆ. ಹಳೆಯದನ್ನು ತೆಗೆದು ಹೊಸದನ್ನು ಹಾಕುವ ನಡುವಿನ ಆ ನಾಲ್ಕು ದಿನದಲ್ಲಿ ದೊಡ್ಡ ಮಳೆ ಬಂದರೆ ಮನೆ ಸೋರುತ್ತದೆ. ಎಲುಬೂ ಹೀಗೆಯೇ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ. ಓಟ, ಪರೇಡು, ಬೆನ್ನ ಮೇಲಿನ ಭಾರ ಇವೆಲ್ಲ ಒಮ್ಮೆಲೇ ಹೆಚ್ಚಾದಾಗ ದೇಹವು ಮೊದಲು ಹಳೆಯ ಎಲುಬನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತದೆ, ಆಮೇಲೆ ಅದಕ್ಕಿಂತ ಗಟ್ಟಿಯಾದ ಹೊಸ ಎಲುಬನ್ನು ಕಟ್ಟುತ್ತದೆ. ತೆಗೆಯುವ ಕೆಲಸ ಬೇಗ ಆಗುತ್ತದೆ, ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ತರಬೇತಿಯ ಮೊದಲ ಕೆಲವು ವಾರಗಳಲ್ಲಿ ಎಲುಬು ಈ ಎರಡರ ನಡುವೆ ಇರುತ್ತದೆ. ಆ ಹೊತ್ತಿನಲ್ಲಿ ಅದೇ ಜಾಗಕ್ಕೆ ಸಾವಿರಾರು ಸಲ ಹೊಡೆತ ಬಿದ್ದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಹುಟ್ಟುತ್ತದೆ. ಇದಕ್ಕೆ ಬೀಳುವುದೂ ಬೇಕಿಲ್ಲ, ಏಟು ತಗಲುವುದೂ ಬೇಕಿಲ್ಲ. ಸೈನಿಕರಲ್ಲಿ ಇದು ಹೆಚ್ಚಾಗಿ ಕಾಣುವುದು ಕಣಕಾಲಿನ ದೊಡ್ಡ ಎಲುಬಿನಲ್ಲಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದು ಸಾಮಾನ್ಯ ಸಂಗತಿ, ಎಂಆರ್‌ಐಯಲ್ಲಿ ಮಾತ್ರ ಬೇಗ ತಿಳಿಯುತ್ತದೆ. ಹಾಗಾಗಿ ಮೊದಲ ಎಕ್ಸ್‌ರೇ ಸ್ವಚ್ಛವಾಗಿತ್ತು ಎಂಬ ಕಾರಣಕ್ಕೆ ನಿಮ್ಮ ತಮ್ಮ ನೆಪ ಹೇಳುತ್ತಿದ್ದಾನೆ ಎಂದು ಯಾರಾದರೂ ಅಂದಿದ್ದರೆ ಆ ಮಾತನ್ನು ಇಂದೇ ಬಿಟ್ಟುಬಿಡಿ.

ಈ ಕಾಯಿಲೆಯನ್ನು ಮೊದಲು ಬರೆದಿಟ್ಟವರು 1855ರಲ್ಲಿ ಬ್ರೀಟ್‌ಹಾಪ್ಟ್ ಎಂಬ ಪ್ರಷ್ಯಾ ಸೇನೆಯ ವೈದ್ಯರು. ದೂರದ ನಡಿಗೆಯ ನಂತರ ಪಾದ ಊದಿಕೊಂಡು ನೋವೆನ್ನುತ್ತಿದ್ದ ಸೈನಿಕರನ್ನು ಅವರು ಗಮನಿಸಿದ್ದರು. ಎಕ್ಸ್‌ರೇ ಕಂಡುಹಿಡಿದದ್ದೇ 1895ರಲ್ಲಿ, ಅಂದರೆ ಆ ನೋವಿನ ಹಿಂದೆ ಎಲುಬಿನ ಬಿರುಕಿದೆ ಎಂದು ಕಣ್ಣಾರೆ ನೋಡಲು ಜಗತ್ತಿಗೆ ಇನ್ನೂ ನಲವತ್ತು ವರ್ಷ ಬೇಕಾಯಿತು. ಇದನ್ನು ನಿಮ್ಮ ತಂದೆಯವರಿಗೆ ಹೇಳಿ. ಮಗ ಕೈಲಾಗದವನೆಂದು ಅವರ ಮನಸ್ಸು ಕುಗ್ಗಿದ್ದರೆ, ಗಟ್ಟಿಮುಟ್ಟಾದ ಹುಡುಗರನ್ನೇ ಆರಿಸಿಕೊಳ್ಳುವ ಸೇನೆಗಳಲ್ಲೇ ಈ ತೊಂದರೆ ನೂರೈವತ್ತು ವರ್ಷಕ್ಕೂ ಮೇಲಿನಿಂದ ಇದೆ ಎಂಬುದು ಅವರಿಗೆ ತಿಳಿಯಬೇಕು.

ಇನ್ನು ನಿಮ್ಮ ಸೋದರಮಾವನ ಮಾತು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅವರ ಸಲಹೆ ಎರಡು ಕಡೆಯಿಂದ ಅಪಾಯ ತರುತ್ತದೆ. ಈ ಬಿರುಕಿಗೆ ಬೇಕಾದದ್ದು ಭಾರದಿಂದ ಬಿಡುವು. ಎಣ್ಣೆ ಹಚ್ಚಿ ತಿಕ್ಕುವುದರಿಂದ ಅದು ಕೆರಳುತ್ತದೆ, ಬಿದಿರು ಚಕ್ಕೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತದ ಓಡಾಟಕ್ಕೇ ತೊಂದರೆಯಾಗಬಹುದು. ಎರಡನೆಯದಾಗಿ, ರಜೆ ಮಂಜೂರಾಗದೆ ಅವನು ಹೊರಟುಬಂದರೆ 1950ರ ಸೇನಾ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಅದು ಅಪರಾಧ. ಕಾಲು ನೆಟ್ಟಗಾಗುತ್ತದೆ, ಆದರೆ ದಾಖಲೆಯಲ್ಲಿ ಸೇರಿದ ಆ ಕಲೆಯನ್ನು ಅಳಿಸುವುದು ಕಷ್ಟ. ವೈದ್ಯರ ಸಲಹೆಯ ಮೇಲೆ ಅಗ್ನಿವೀರರಿಗೆ ಅನಾರೋಗ್ಯದ ರಜೆ ಸಿಗುತ್ತದೆ. ಅದನ್ನು ಕೊಟ್ಟು ಅವರಾಗಿಯೇ ಕಳಿಸಿದರೆ ಸಂತೋಷದಿಂದ ಮನೆಗೆ ಕರೆಯಿರಿ. ಆಗಲೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಯಾವ ಚಿಕಿತ್ಸೆಯೂ ಬೇಡ, ಹೊಲಕ್ಕೆ ಕಳಿಸುವುದಂತೂ ಬೇಡವೇ ಬೇಡ.

ನನ್ನನ್ನು ಬಹಳ ಕಾಡಿದ ಒಂದು ಸಂಗತಿಯಿದೆ. ಒಂದು ವಾರ್ಡಿನಲ್ಲಿ ನಮ್ಮ ಸೀಮೆಯವನೇ ಆದ ಒಬ್ಬ ಹುಡುಗನಿದ್ದ, ಅವನಿಗೂ ಇದೇ ತೊಂದರೆ. ಮನೆಯಿಂದ ಪಾರ್ಸಲ್ ಬಂತು: ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ. ಪುಡಿಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋವಿನ ಮಾತ್ರೆಯ ಮೂರು ಪಟ್ಟಿಗಳಿದ್ದವು. ಮಗ ನೋವಿಲ್ಲದೆ ಓಡಲಿ ಎಂದು ತಾಯಿ ಕಳಿಸಿದ್ದರು. ಅವನು ಯಾರಿಗೂ ಹೇಳದೆ ಮಾತ್ರೆ ನುಂಗಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ವರಾಂಡದಲ್ಲಿ ಊರುಗೋಲು ಬಿಟ್ಟು ನಡೆಯುತ್ತಿದ್ದ. ಬೆಳಿಗ್ಗೆ ಡಾಕ್ಟರ್ ಕೇಳಿದರೆ "ನೋವಿಲ್ಲ ಸರ್" ಎನ್ನುತ್ತಿದ್ದ. ನೋವು ಅವನಿಗೆ ತಿಳಿಯುತ್ತಿರಲಿಲ್ಲ ಅಷ್ಟೇ, ಎಲುಬಿಗೆ ತಿಳಿಯುತ್ತಿತ್ತು. ಆರು ವಾರದಲ್ಲಿ ಮುಗಿಯಬೇಕಾದದ್ದು ಐದು ತಿಂಗಳು ಹಿಡಿಯಿತು. ಚಟ್ನಿಪುಡಿಯ ಎಣ್ಣೆ ಹತ್ತಿದ ಆ ಮಾತ್ರೆಯ ಪಟ್ಟಿಗಳನ್ನು ಕೊನೆಗೆ ದಿಂಬಿನ ಕೆಳಗಿನಿಂದ ತೆಗೆದವನು ನಾನೇ. ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾರೂ ಅವರಿಗೆ ಹೇಳಿರಲಿಲ್ಲವಲ್ಲ ಎಂಬ ಸಂಕಟವಾಯಿತು. ಇವತ್ತು ನಿಮಗೆ ಇಷ್ಟು ಉದ್ದವಾಗಿ ಬರೆಯುತ್ತಿರುವುದಕ್ಕೆ ಕಾರಣವೂ ಅದೇ.

ಆದ್ದರಿಂದ ನಿಮ್ಮ ಮನೆಯವರು ಮಾಡಬಹುದಾದ ಎಲ್ಲಕ್ಕಿಂತ ದೊಡ್ಡ ಸಹಾಯವೆಂದರೆ, ನೋವನ್ನು ಮುಚ್ಚಿಡಬೇಕಾದ ಒತ್ತಡ ಅವನ ಮೇಲೆ ಬೀಳದಂತೆ ನೋಡಿಕೊಳ್ಳುವುದು. ಭಾನುವಾರದ ಫೋನಿನಲ್ಲಿ "ಯಾವಾಗ ಓಡ್ತೀ?", "ನಿನ್ನ ಜೊತೆಯವರ ಪರೇಡು ಯಾವಾಗ?" ಎಂಬ ಪ್ರಶ್ನೆಗಳನ್ನು ಕೇಳಬೇಡಿ. ಆ ಲೆಕ್ಕವನ್ನು ಅವನು ಹಾಸಿಗೆಯಲ್ಲಿ ಮಲಗಿಕೊಂಡು ದಿನವಿಡೀ ಹಾಕುತ್ತಿರುತ್ತಾನೆ. ಬದಲಿಗೆ ಇವತ್ತು ಊಟ ಏನಿತ್ತು, ಪಕ್ಕದ ಹಾಸಿಗೆಯವನು ಯಾವ ಊರಿನವನು, ಎದ್ದು ನಡೆದಾಗ ನೋವು ಎಲ್ಲಿ ಬಂತು, ಅದನ್ನು ಡಾಕ್ಟರಿಗೆ ಹೇಳಿದೆಯಾ ಎಂದು ಕೇಳಿ. ಮನೆಯ ಎಮ್ಮೆ ಕರು ಹಾಕಿದ್ದನ್ನೂ ಮಳೆ ಬಂದದ್ದನ್ನೂ ಹೇಳಿ. ನಿಮ್ಮ ತಂದೆಯವರು ಹೆಚ್ಚು ಮಾತಾಡುವವರಲ್ಲದಿದ್ದರೆ ಚಿಂತೆಯಿಲ್ಲ, "ಅವಸರ ಮಾಡಬ್ಯಾಡಪ್ಪಾ, ಆರಾಮಾಗಿ ಬಾ" ಎಂಬ ಒಂದು ಮಾತನ್ನು ಅವರ ಬಾಯಿಂದಲೇ ಹೇಳಿಸಿ. ಹತ್ತು ಜನರ ಸಮಾಧಾನಕ್ಕಿಂತ ಆ ಹುಡುಗ ಕಾಯುತ್ತಿರುವುದು ಆ ಒಂದು ಮಾತಿಗೆ.

ಊರಿನವರು ಕೇಳಿದರೆ ಮುಚ್ಚಿಡಬೇಡಿ. ಕಾಲಿನ ಎಲುಬಿನಲ್ಲಿ ಸಣ್ಣ ಬಿರುಕಾಗಿದೆ, ಸೇನೆಯವರೇ ನೋಡಿಕೊಳ್ಳುತ್ತಿದ್ದಾರೆ, ಮುಂದಿನ ಬ್ಯಾಚಿನಲ್ಲಿ ತರಬೇತಿ ಮುಗಿಸುತ್ತಾನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಬ್ಯಾಚು ಬದಲಾಗುವುದನ್ನು ಅಲ್ಲಿ 'ರೆಲಿಗೇಟ್' ಎನ್ನುತ್ತಾರೆ, ಹುಡುಗರಿಗೆ ಆ ಶಬ್ದವೇ ಬೈಗುಳದಂತೆ ಕೇಳುತ್ತದೆ. ತಪ್ಪಿದ ಪಾಠಗಳನ್ನು ಪೂರ್ತಿ ಮಾಡಿಸದೆ ಯಾರನ್ನೂ ಮುಂದಕ್ಕೆ ಕಳಿಸಬಾರದೆಂಬುದಷ್ಟೇ ಅದರ ಅರ್ಥ. ಅಗ್ನಿವೀರರ ಮೊದಲ ತಂಡಕ್ಕೆ 2023ರ ಜನವರಿಯಲ್ಲಿ ಶುರುವಾದ ತರಬೇತಿ ಒಟ್ಟು 31 ವಾರಗಳದ್ದಾಗಿತ್ತು, ಅದರಲ್ಲಿ ಮೂಲ ತರಬೇತಿಯೇ 10 ವಾರ. ಅಂಥ ಹೊರೆಯನ್ನು ಬಿರುಕುಬಿಟ್ಟ ಎಲುಬಿನ ಮೇಲೆ ಹೊತ್ತುಕೊಂಡು ಹೋಗಲಾಗದು.

ಮುಂದೆ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತಿರಲಿ. ನಡೆದಾಗ ನೋವು ಪೂರ್ತಿ ಹೋಗುವವರೆಗೆ ಓಟವಿಲ್ಲ. ಈ ಅವಧಿಯಲ್ಲಿ ತೋಳು, ಹೊಟ್ಟೆ, ಬೆನ್ನಿನ ವ್ಯಾಯಾಮ ಮಾಡಿಸುತ್ತಾರೆ; ಸೌಲಭ್ಯವಿದ್ದರೆ ನಿಂತ ಸೈಕಲ್ಲು, ಈಜು ಕೂಡ ಇರುತ್ತದೆ. ಆಮೇಲೆ ನಡಿಗೆ, ನಂತರ ಒಂದಿಷ್ಟು ನಡಿಗೆ ಒಂದಿಷ್ಟು ಓಟ, ಕೊನೆಗೆ ಬೂಟು ಮತ್ತು ಭಾರ. ಯಾವ ಹಂತದಲ್ಲಿ ನೋವು ಮರಳಿದರೂ ಒಂದು ಹಂತ ಹಿಂದಕ್ಕೆ ಬರಬೇಕು. ಅವನಿಗೆ ತೊಡೆಸಂದಿಯಲ್ಲಿ ನೋವು ಕಾಣಿಸಿದರೆ ಮಾತ್ರ ಒಂದು ದಿನವೂ ತಡಮಾಡದೆ ಡಾಕ್ಟರಿಗೆ ಹೇಳಬೇಕೆಂದು ಒತ್ತಿ ಹೇಳಿ. ತೊಡೆಯ ಎಲುಬಿನ ಕುತ್ತಿಗೆಯಲ್ಲಿ ಇಂಥದೇ ಬಿರುಕು ಬಂದು ಪೂರ್ತಿ ಮುರಿದರೆ ಆಪರೇಷನ್ ಬೇಕಾಗುತ್ತದೆ.

ಅವನ ಅಳುವಿನ ಬಗ್ಗೆ ಒಂದು ಮಾತು. ಒಂದೆರಡು ವಾರದ ಅಳು ಸಹಜ. ಆದರೆ ಫೋನನ್ನೇ ಎತ್ತದಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ, ಅದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ. ಅವನ ಕಂಪನಿಯ ಅಧಿಕಾರಿಗೆ ಅಥವಾ ವಾರ್ಡಿನ ಡಾಕ್ಟರಿಗೆ ಅಂದೇ ತಿಳಿಸಿ. ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅವನಷ್ಟೇ ಅಲ್ಲ, ಅವನ ಚಿಂತೆಯಲ್ಲಿ ನಿದ್ದೆಗೆಟ್ಟಿರುವ ನೀವೂ ಮಾಡಬಹುದು.

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ರೈತ. ಮಗ ಸೇನೆಗೆ ಆಯ್ಕೆಯಾಗಿದ್ದು, ಎರಡು ತಿಂಗಳಲ್ಲಿ ತರಬೇತಿಗೆ ಹೋಗಬೇಕು. ದಿನಾಲೂ ಎಡದಂಡೆ ಕಾಲುವೆಯ ರಸ್ತೆಯ ಮೇಲೆ ಹತ್ತು ಕಿಲೋಮೀಟರ್ ಓಡುತ್ತಾನೆ. ಪಕ್ಕದೂರಿನ ಹುಡುಗನೊಬ್ಬ ಕಾಲು ನೋವಾಗಿ ಮರಳಿದ್ದನ್ನು ಕೇಳಿ ಭಯವಾಗಿದೆ. ಮುಂಜಾಗ್ರತೆ ಏನು?

ಉತ್ತರ: ಯಜಮಾನರೇ, ನಿಮ್ಮ ಮಗನ ಹುರುಪು ಒಳ್ಳೆಯದು, ಆದರೆ ದಿನಾಲೂ ಎಂಬುದು ಬೇಡ. ವಾರಕ್ಕೆ ಒಂದು ಅಥವಾ ಎರಡು ದಿನ ಓಟಕ್ಕೆ ಪೂರ್ತಿ ಬಿಡುವಿರಲಿ, ಎಲುಬು ಕಟ್ಟಿಕೊಳ್ಳುವುದು ಆ ದಿನಗಳಲ್ಲಿ. ನೇಮಕಾತಿ ರ‍್ಯಾಲಿಯ ಓಟ 1.6 ಕಿಲೋಮೀಟರ್ ಮಾತ್ರ. ಅದಕ್ಕಾಗಿ ತಯಾರಾದ ಕಾಲು ವಾರಗಟ್ಟಲೆ ಬೂಟು ಹಾಕಿಕೊಂಡು ಸಿಮೆಂಟ್ ಅಂಗಳದಲ್ಲಿ ಹೆಜ್ಜೆ ಬಡಿಯಲು ತಯಾರಾಗಿರುತ್ತದೆ ಎಂದೇನೂ ಅಲ್ಲ. ಡಾಂಬರು ಬಿಟ್ಟು ಮಣ್ಣಿನ ದಾರಿಯಲ್ಲಿ ಓಡಲಿ, ದೂರವನ್ನು ವಾರ ವಾರಕ್ಕೆ ಸ್ವಲ್ಪವೇ ಹೆಚ್ಚಿಸಲಿ. ಅಟ್ಟೆ ಸವೆದ ಬೂಟಿದ್ದರೆ ಬದಲಾಯಿಸಿ. ಬಸ್ಕಿ ಮತ್ತು ಹಿಮ್ಮಡಿ ಎತ್ತುವ ವ್ಯಾಯಾಮದಿಂದ ಕಾಲಿನ ಸ್ನಾಯು ಗಟ್ಟಿಯಾದರೆ ಎಲುಬಿಗೆ ಬೀಳುವ ಹೊಡೆತ ಕಡಿಮೆಯಾಗುತ್ತದೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಜೋಳದ ರೊಟ್ಟಿ ಬಲ ಕೊಡುವ ಆಹಾರವೇ ಹೌದು. ಆದರೆ 100 ಗ್ರಾಂ ಜೋಳದಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶ (ಕ್ಯಾಲ್ಸಿಯಂ) 30 ಮಿಲಿಗ್ರಾಂ ಕೂಡ ಇರುವುದಿಲ್ಲ, ಅಷ್ಟೇ ರಾಗಿಯಲ್ಲಿ 340ಕ್ಕೂ ಹೆಚ್ಚು ಇರುತ್ತದೆ. ಆದ್ದರಿಂದ ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ, ದಿನಕ್ಕೆ ಎರಡು ಲೋಟ ಹಾಲು ಅಥವಾ ಮಜ್ಜಿಗೆ, ರೊಟ್ಟಿಯ ಮೇಲೆ ಒಂದಿಷ್ಟು ಎಳ್ಳು ಇರಲಿ. ಹೊರಡುವ ಮುಂಚೆ ರಕ್ತದಲ್ಲಿ ವಿಟಮಿನ್ ಡಿ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ರಾಯಚೂರಿನ ಬಿಸಿಲಿನಲ್ಲಿ ಬೆಳೆದವರಿಗೂ ಅದು ಕಡಿಮೆ ಇರಬಹುದು. ಬೀಡಿ, ಸಿಗರೇಟಿನ ಚಟವಿದ್ದರೆ ಅದು ಎಲುಬು ಕೂಡುವುದನ್ನೇ ನಿಧಾನ ಮಾಡುತ್ತದೆ, ಈಗಲೇ ಬಿಡಿಸಿ. ಮತ್ತೊಂದು ಮಾತು: ಒಂದೇ ಜಾಗದಲ್ಲಿ, ಬೆರಳು ಇಟ್ಟು ತೋರಿಸಬಹುದಾದ ನೋವು ಬಂದರೆ ಮೂರನೆಯ ದಿನಕ್ಕೆ ಕಾಯದೆ ಸಿಕ್ ರಿಪೋರ್ಟ್ ಮಾಡಬೇಕೆಂದು, ಅಂದರೆ ಹುಷಾರಿಲ್ಲವೆಂದು ತಿಳಿಸಿ ಡಾಕ್ಟರಿಗೆ ತೋರಿಸಬೇಕೆಂದು, ಅವನಿಗೆ ಹೇಳಿಯೇ ಕಳಿಸಿ.

ಪ್ರಶ್ನೆ: ಬಳ್ಳಾರಿಯಿಂದ ಒಬ್ಬ ತಾಯಿ. ಮಗನ ಗಾಯ ಪೂರ್ತಿ ವಾಸಿಯಾಗದೆ ಸೇನೆಯಿಂದ ಮನೆಗೆ ಕಳಿಸಿಬಿಟ್ಟರೆ ಗತಿಯೇನು?

ಉತ್ತರ: ತಾಯಿ, ಸ್ಟ್ರೆಸ್ ಫ್ರಾಕ್ಚರ್ ಆದವರಲ್ಲಿ ಹೆಚ್ಚಿನವರು ವಿಶ್ರಾಂತಿಯಿಂದಲೇ ವಾಸಿಯಾಗಿ ತರಬೇತಿಗೆ ಮರಳುತ್ತಾರೆ, ಮೊದಲು ಆ ಧೈರ್ಯವಿರಲಿ. ಹಾಗಾಗದಿದ್ದರೆ ವೈದ್ಯಕೀಯ ಮಂಡಳಿ ಪರೀಕ್ಷಿಸಿ, ಗಾಯ ಸೇವೆಯಿಂದ ಆದದ್ದೇ ಅಥವಾ ಸೇವೆಯಿಂದ ಹೆಚ್ಚಾದದ್ದೇ, ಅಂಗವೈಕಲ್ಯ ಎಷ್ಟು ಎಂಬುದನ್ನು ದಾಖಲಿಸುತ್ತದೆ. ಅಗ್ನಿಪಥ ಯೋಜನೆಯಲ್ಲಿ ಸೇವೆಯಿಂದಾದ ಅಂಗವೈಕಲ್ಯ ಶೇ 100, 75, 50 ಎಂದು ನಿರ್ಧಾರವಾದರೆ ಕ್ರಮವಾಗಿ 44 ಲಕ್ಷ, 25 ಲಕ್ಷ, 15 ಲಕ್ಷ ರೂಪಾಯಿಗಳ ಇಡಿಗಂಟು ಪರಿಹಾರವಿದೆ. ಇದೆಲ್ಲ ನಿಲ್ಲುವುದು ಕಾಗದಗಳ ಮೇಲೆ. ನೋವು ಶುರುವಾದ ದಿನ, ಮೊದಲ ಸಲ ಡಾಕ್ಟರಿಗೆ ತೋರಿಸಿದ ದಿನ, ಆಸ್ಪತ್ರೆ ಸೇರಿದ ಮತ್ತು ಬಿಟ್ಟ ದಿನ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಮಗನಿಗೆ ಹೇಳಿ. ಅವನು ರಜೆಗೆ ಬಂದಾಗ ಡಿಸ್ಚಾರ್ಜ್ ಚೀಟಿಗಳ ಜೆರಾಕ್ಸ್ ಮಾಡಿಸಿ, ಒಂದು ಪ್ರತಿಯನ್ನು ಮನೆಯ ಟ್ರಂಕಿನಲ್ಲಿ ಇಟ್ಟುಕೊಳ್ಳಿ.